ಬೈತಲೆ ತೆಗೆದು ಹಚ್ಚಿ, ಗಡಿಯಾರ ನೋಡಿ

ಮುಂಬೈ ಹತ್ತಿರದ ಡೊಂಬಿವಲಿಗೆ ಬಂದ ಎರಡನೇ ಮಳೆಗಾಲದಲ್ಲಿ ನನಗೆ ತಲೆ ನವೆ ಶುರುವಾಯಿತು. ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಬೆವರು, ಸಂಜೆ ಮಳೆ, ಒದ್ದೆ ಕೂದಲನ್ನೇ ಗಂಟು ಹಾಕಿಕೊಂಡು ಅಡುಗೆ. ಕಿವಿಯ ಹಿಂದೆ, ಹಣೆಯ ಅಂಚಿನಲ್ಲಿ ಹಳದಿ ಜಿಡ್ಡು ಹೊಟ್ಟು ಏಳತೊಡಗಿತು. “ಎಣ್ಣಿ ಹಚ್ಚೋದು ಬಿಟ್ಟೀ, ತಲಿ ಒಣಗೇದ” ಎಂದಳು ಅವ್ವ ಫೋನಿನಲ್ಲಿ. ರಾತ್ರಿಯೆಲ್ಲ ಎಣ್ಣೆ ಹಚ್ಚಿಕೊಂಡು ಮಲಗಿದೆ. ನವೆ ಇನ್ನೂ ಜಾಸ್ತಿಯಾಯಿತು.

ಚರ್ಮದ ಡಾಕ್ಟರು ನೋಡಿ ಸೆಬೊರಿಕ್ ಡರ್ಮಟೈಟಿಸ್, ಅಂದರೆ ಜಿಡ್ಡು ಹೊಟ್ಟು ಏಳಿಸುವ ಚರ್ಮದ ಉರಿಯೂತ ಎಂದರು. ಮಲಸೇಜಿಯಾ ಅನ್ನುವ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಎಲ್ಲರ ನೆತ್ತಿಯಲ್ಲೂ ಇರುತ್ತದಂತೆ. ಅದರ ಊಟವೇ ಜಿಡ್ಡು. ಆ ಯೀಸ್ಟನ್ನು ತಗ್ಗಿಸುವ ಶೇಕಡ 2ರ ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆ 2 ಸಲ, 4 ವಾರ ಬಳಸಲು ಹೇಳಿದರು. ತುರಿಕೆಗೆ ಒಂದು ಸ್ಟಿರಾಯ್ಡ್ ಲೋಷನ್ನೂ ಬರೆದುಕೊಟ್ಟರು.

ಮೊದಲ ವಾರ ಶಾಂಪೂ ಸುಮ್ನೆ ವ್ಯರ್ಥವಾಯಿತು. ಎಂದಿನಂತೆ ನೊರೆ ಬರಿಸಿ, ತಕ್ಷಣ ತೊಳೆದುಬಿಡುತ್ತಿದ್ದೆ. ಔಷಧಿ ಬೇಕಾಗಿರುವುದು ಕೂದಲಿಗಲ್ಲ, ಚರ್ಮಕ್ಕೆ. ಅದು ಅಲ್ಲಿ 5 ನಿಮಿಷ ಕೂರಬೇಕು.

ಈಗ ಹೀಗೆ ಮಾಡುತ್ತೇನೆ. ನಮ್ಮ ಕಟ್ಟಡದಲ್ಲಿ ನೀರು ಯಾವಾಗ ನಿಲ್ಲುತ್ತದೋ ಹೇಳಲಾಗದು. ಹಾಗಾಗಿ ಮೊದಲು ಎರಡು ಬಕೆಟ್ ತುಂಬಿಸಿಡುತ್ತೇನೆ. ತಲೆ ಒದ್ದೆ ಮಾಡಿ, ಬೆರಳಿನಿಂದ ಬೈತಲೆ ತೆಗೆದು, ಆ ಗೆರೆಯ ಮೇಲೆ ಶಾಂಪೂ ಹಚ್ಚುತ್ತೇನೆ. ಪಕ್ಕದಲ್ಲಿ ಇನ್ನೊಂದು ಗೆರೆ, ಮತ್ತೊಂದು. ಉಜ್ಜುವುದು ಬೆರಳ ತುದಿಯಿಂದ, ಉಗುರು ತಾಗಿಸುವುದಿಲ್ಲ. ಕಿವಿಯ ಹಿಂದೆ ಮರೆಯುವುದಿಲ್ಲ. ಮೊಬೈಲ್‌ನಲ್ಲಿ 5 ನಿಮಿಷದ ಅಲಾರಂ ಇಟ್ಟು ಕಾಯುತ್ತೇನೆ. ತೊಳೆಯುವಾಗ ತಲೆ ಹಿಂದಕ್ಕೆ ಬಾಗಿಸುತ್ತೇನೆ, ಕಣ್ಣಿಗೆ ಇಳಿಯದ ಹಾಗೆ.

ಲೋಷನ್ ವಿಷಯದಲ್ಲಿ ಒಂದು ತಪ್ಪು ಮಾಡಿದ್ದೆ. ಹೊಟ್ಟು ಬೇಗ ಹೋಗಲಿ ಎಂದು ಸಣ್ಣ ಹಲ್ಲಿನ ಬಾಚಣಿಗೆಯಿಂದ ಕೆರೆದುಬಿಟ್ಟೆ. ಬಾಚಣಿಗೆಯ ತುದಿಯಲ್ಲಿ ರಕ್ತದ ಚುಕ್ಕೆ ಕಾಣಿಸಿತು. ಅದರ ಮೇಲೇ ಲೋಷನ್ ಬಿಟ್ಟೆ. ಕೆಂಡ ಇಟ್ಟಂತಾಯಿತು. ಉರಿದದ್ದು ಅದರಲ್ಲಿದ್ದ ಸ್ಪಿರಿಟ್. ಗಾಯವಾದ ಚರ್ಮ ಸ್ಟಿರಾಯ್ಡನ್ನು ಹೆಚ್ಚು ಹೀರುತ್ತದೆ ಕೂಡ. ಆಮೇಲೆ ನವೆ ಇರುವ ಕಡೆ ಮಾತ್ರ ಎರಡು ಮೂರು ಹನಿ ಹಾಕಿ ಕೈ ತೊಳೆಯುತ್ತಿದ್ದೆ. ತಲೆ ಪೂರ್ತಿ ಒಣಗುವವರೆಗೆ ಗ್ಯಾಸಿನ ಹತ್ತಿರ ಹೋಗುತ್ತಿರಲಿಲ್ಲ, ದೇವರ ದೀಪವನ್ನೂ ಹಚ್ಚುತ್ತಿರಲಿಲ್ಲ. ಸ್ಪಿರಿಟ್‌ಗೆ ಬೆಂಕಿ ತಗುಲಲು ಹೊತ್ತು ಬೇಡ. ಡಾಕ್ಟರು ಹೇಳಿದ್ದು 2 ವಾರ. ಅಷ್ಟಕ್ಕೇ ನಿಲ್ಲಿಸಿದೆ. ದಿನವೂ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ.

ಮೂರನೇ ವಾರಕ್ಕೆ ತಲೆದಿಂಬಿನ ಮೇಲೆ ಹೊಟ್ಟು ಬೀಳುವುದು ನಿಂತಿತು. ಈಗ ಶಾಂಪೂ ಎರಡು ವಾರಕ್ಕೊಮ್ಮೆ ಸಾಕು.

ಉಳಿದ ಲೋಷನ್ನನ್ನು ಪಕ್ಕದ ಮನೆಯ ವಹಿನಿ (ಮರಾಠಿಯಲ್ಲಿ ಅತ್ತಿಗೆ) ತಮ್ಮ ಆರು ವರ್ಷದ ಮಗನಿಗೆ ಕೇಳಿದರು. ಅವನಿಗೂ ನೆತ್ತಿಯಲ್ಲಿ ಹೊಟ್ಟು. ಆದರೆ ಅಲ್ಲಿ ರೂಪಾಯಿಯಗಲ ಕೂದಲೂ ಉದುರಿತ್ತು. ನನಗೆ ಕೊಡಲು ಮನಸ್ಸಾಗಲಿಲ್ಲ, ಜೊತೆಗೆ ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ. ಅದು ಹುಳುಕಡ್ಡಿ, ಒಬ್ಬರಿಂದೊಬ್ಬರಿಗೆ ಅಂಟುವ ಶಿಲೀಂಧ್ರದ ಸೋಂಕು. ಬರೀ ಹಚ್ಚುವ ಔಷಧಿಗೆ ಹೋಗುವುದಲ್ಲ, ಮಾತ್ರೆಯೇ ಬೇಕು ಎಂದರು. ನನ್ನ ಲೋಷನ್ ಹಚ್ಚಿದ್ದರೆ ಮೇಲೆ ಕೆಂಪು ಇಳಿದು, ಒಳಗೊಳಗೇ ಹರಡುತ್ತಿತ್ತಂತೆ. ವಹಿನಿ ಮಗನ ಬಾಚಣಿಗೆ, ಟವೆಲ್ ಎರಡನ್ನೂ ಅವತ್ತೇ ಬೇರೆ ಇಟ್ಟರು.