ಗರಿ ಬರುವಾಗ ಬಟ್ಟಲಲ್ಲಿ ಏನಿತ್ತು?

"ತಂದಾಗ ಎಷ್ಟು ಕೆಂಪಗಿತ್ತು, ಈಗ ನೋಡಿ ಸಾರ್, ಪೂರ್ತಿ ಪೇಲವ." ಕೆಂಪು ಕ್ಯಾನರಿ ಅನ್ನುವ ಪುಟ್ಟ ಪಂಜರದ ಹಕ್ಕಿ ಸಾಕುವವರಿಂದ ನಾನು ಜಾಸ್ತಿ ಕೇಳುವ ದೂರು ಇದು. ಕಾಯಿಲೆ ಇರಬಹುದಾ ಅಂತ ಅವರಿಗೆ ಭಯ. ನಾನು ಕೇಳುವುದು ಒಂದೇ: ಹೋದ ಸಲ ಹಳೇ ಗರಿ ಉದುರಿ ಹೊಸದು ಬರುವಾಗ ಏನು ತಿನ್ನಿಸಿದ್ರಿ? ಸಾಮಾನ್ಯವಾಗಿ ಬರುವ ಉತ್ತರ, "ಬರೀ ಕಾಳು."

ಹಳದಿ, ಕಿತ್ತಳೆ, ಕೆಂಪು ಬಣ್ಣಕ್ಕೆ ಬೇಕಾದ ಕೆರೊಟಿನಾಯ್ಡ್ ಅನ್ನುವ ವರ್ಣಕ ಹಕ್ಕಿಯ ಮೈಯಲ್ಲಿ ತಯಾರಾಗುವುದಿಲ್ಲ. ತಿಂದೇ ಬರಬೇಕು. ಫ್ಲೆಮಿಂಗೊ ಗುಲಾಬಿ ಆಗುವುದೂ ಹಾಗೆಯೇ. 1920ರ ದಶಕದಲ್ಲಿ ಜರ್ಮನಿಯಲ್ಲಿ ಹಳದಿ ಕ್ಯಾನರಿಯನ್ನು ರೆಡ್ ಸಿಸ್ಕಿನ್ ಅನ್ನುವ ಕೆಂಪು ಹಕ್ಕಿಯ ಜೊತೆ ಕೂಡಿಸಿದ್ದರಿಂದ ಕೆಂಪು ತಳಿ ಶುರುವಾಯಿತು. ಹಳದಿಯನ್ನು ಕೆಂಪಾಗಿಸುವ ಜೀನ್ ಸಿಸ್ಕಿನ್‌ನಿಂದ ಬಂತು. ಆದರೆ ಜೀನ್ ಇದ್ದರೆ ಸಾಲದು, ಸರಕೂ ಬೇಕಲ್ವಾ?

ಬಲಿತ ಗರಿಗೆ ರಕ್ತ ಹರಿಯುವುದಿಲ್ಲ. ಅದು ನಮ್ಮ ಉಗುರಿನ ಹಾಗೆ. ಆಮೇಲೆ ಎಷ್ಟು ಕ್ಯಾರೆಟ್ ತಿನ್ನಿಸಿದರೂ ಆ ಗರಿಯ ಬಣ್ಣ ಬದಲಾಗುವುದಿಲ್ಲ. ಅದಕ್ಕೇ ಗರಿ ಉದುರುವ ಮೊದಲೇ ನಾನು ಬಣ್ಣದ ತಿನಿಸು ಶುರು ಮಾಡುತ್ತೇನೆ. ಬೇಯಿಸಿದ ಮೊಟ್ಟೆ ಪುಡಿ ಮಾಡಿ, ಕ್ಯಾರೆಟ್ ತುರಿದು ಹಾಕಿ, ಕ್ಯಾಂಥಾಕ್ಸಾಂಥಿನ್ ಅನ್ನುವ ಕೆಂಪು ಕೆರೊಟಿನಾಯ್ಡ್ ಪುಡಿ ಬೆರೆಸುತ್ತೇನೆ. ಮೊಟ್ಟೆಯಲ್ಲಿರುವ ಕೊಬ್ಬು ಇಲ್ಲಿ ಉಪಯೋಗಕ್ಕೆ ಬರುತ್ತದೆ, ಕೊಬ್ಬಿಲ್ಲದೆ ಕೆರೊಟಿನಾಯ್ಡ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹಿಕ್ಕೆ ಕೆಂಪಾಗುತ್ತದೆ, ಗಾಬರಿ ಬೇಡ. ಪುಡಿ ಮಾತ್ರ ಡಬ್ಬಿಯ ಮೇಲೆ ಬರೆದಷ್ಟೇ. ಜಾಸ್ತಿ ಹಾಕಿದರೆ ಕೆಂಪು ಹೊಳೆಯುವುದಿಲ್ಲ, ಕಂದು ಬೆರೆತು ಮಂಕಾಗುತ್ತದೆ. ಕೊನೇ ಗರಿ ಪೂರ್ತಿ ಬರುವ ತನಕ ಕೊಡುವುದನ್ನು ನಿಲ್ಲಿಸಬಾರದು. ನಡುವೆ ಬಿಟ್ಟರೆ ಮೈಮೇಲೆ ತೇಪೆ ತೇಪೆ ಬಣ್ಣ.

ಮರಿಗಳದ್ದು ಇನ್ನೊಂದು ಕಥೆ. ಗೂಡಲ್ಲಿ ಬಂದ ರೆಕ್ಕೆಯ ಉದ್ದ ಗರಿಗಳು, ಬಾಲದ ಗರಿಗಳು ಮೊದಲ ಸಲ ಉದುರುವುದಿಲ್ಲ, ಮೈಗರಿ ಮಾತ್ರ ಬದಲಾಗುತ್ತದೆ. ಹಾಗಾಗಿ ಮರಿ ಗೂಡು ಬಿಟ್ಟ ಮೇಲೆ ಬಣ್ಣ ಕೊಟ್ಟರೆ ಮೈ ಕೆಂಪು, ರೆಕ್ಕೆಯ ಅಂಚು ಬಿಳಿಚು. ಅದೇ ಚೆಂದ ಅನ್ನುವವರಿದ್ದಾರೆ. ನನಗೂ ಅದೇ ಇಷ್ಟ.

ಬಣ್ಣದ ಸರಕಿನ ಕೊರತೆ ಬೇರೆ, ಹೊಟ್ಟೆಗೇ ಕೊರತೆ ಬೇರೆ. ಅದನ್ನು ತಿಳಿಯಲು ಉದುರಿದ ಬಾಲದ ಗರಿಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಬಣ್ಣ ತೆಳುವಾಗಿದ್ದರೂ ಗರಿ ಗಟ್ಟಿಯಾಗಿ, ಎಳೆಗಳು ಒತ್ತಾಗಿದ್ದರೆ ಹಕ್ಕಿ ಹೊಟ್ಟೆತುಂಬ ತಿಂದಿದೆ, ಕೆರೊಟಿನಾಯ್ಡ್ ಸಿಕ್ಕಿಲ್ಲ ಅಷ್ಟೇ. ಅಡ್ಡಕ್ಕೆ ಒಂದು ಸಣ್ಣ ಪಾರದರ್ಶಕ ಗೆರೆ ಕಂಡರೆ ಮಾತ್ರ ಯೋಚಿಸಬೇಕು. ಗರಿ ಬೆಳೆಯುವಾಗ ಹಸಿವೋ ಕಾಯಿಲೆಯೋ ಗಾಬರಿಯೋ ಆಗಿದೆ ಅಂತ ಅರ್ಥ. ಆ ಗೆರೆಯ ಹತ್ತಿರ ಎಳೆಗಳು ತೆಳ್ಳಗಿರುತ್ತವೆ, ಉಗುರಲ್ಲಿ ಸವರಿದರೂ ಮುರಿಯುತ್ತವೆ. ಮರಿಯ ಬಾಲದಲ್ಲಿ ಎಲ್ಲ ಗರಿಗೂ ಒಂದೇ ಎತ್ತರದಲ್ಲಿ ಈ ಗೆರೆ ಇರುತ್ತದೆ, ಯಾಕೆಂದರೆ ಅವೆಲ್ಲ ಒಟ್ಟಿಗೆ ಬೆಳೆದಿರುತ್ತವೆ. ದೊಡ್ಡ ಹಕ್ಕಿಯಲ್ಲಿ ಒಂದೊಂದು ಗರಿ ಒಂದೊಂದು ಹೊತ್ತಿಗೆ ಬರುವುದರಿಂದ ಗೆರೆಯೂ ಅಲ್ಲಲ್ಲಿ ಬಿದ್ದಿರುತ್ತದೆ.

ಕಪ್ಪು, ಕಂದು ಬಣ್ಣದ ಮೆಲನಿನ್ ಅನ್ನು ಹಕ್ಕಿ ತಾನೇ ಮಾಡಿಕೊಳ್ಳುತ್ತದೆ. ಆದರೂ ಊಟ ಕೆಟ್ಟರೆ ಅದೂ ಕೆಡುತ್ತದೆ. ಟರ್ಕಿ ಕೋಳಿಯ ಮರಿಗಳಿಗೆ ಲೈಸಿನ್ ಅನ್ನುವ ಅಮೈನೊ ಆಮ್ಲ ಸಾಲದಿದ್ದರೆ ಕಂದು ಗರಿಯಲ್ಲಿ ಬಿಳಿ ಬರುತ್ತದೆ. ಗರಿಯ ಬಹುಪಾಲು ಪ್ರೋಟೀನೇ, ಅದಕ್ಕೇ ಹೊಸ ಗರಿ ಬರುವ ವಾರಗಳಲ್ಲಿ ನಾನು ಬಣ್ಣದ ಪುಡಿ ಮರೆತರೂ ಮೊಟ್ಟೆ ಮರೆಯುವುದಿಲ್ಲ.

ಗಿಣಿ ಸಾಕುವವರೂ ಕೇಳುತ್ತಾರೆ, ಕ್ಯಾರೆಟ್ ತಿಂದರೆ ಕೆಂಪು ಜಾಸ್ತಿ ಆಗುತ್ತಾ ಅಂತ. ಆಗುವುದಿಲ್ಲ. ಗಿಣಿಗಳು ತಮ್ಮ ಕೆಂಪು, ಹಳದಿಯನ್ನು ಬೇರೆ ವರ್ಣಕದಿಂದ ತಾವೇ ಮಾಡಿಕೊಳ್ಳುತ್ತವೆ. ನೀಲಿಗೆ ವರ್ಣಕವೇ ಇಲ್ಲ, ಗರಿಯೊಳಗಿನ ರಚನೆಯಲ್ಲಿ ಬೆಳಕು ಚೆದುರಿ ಹಾಗೆ ಕಾಣುತ್ತದೆ. ಆದರೂ ಕ್ಯಾರೆಟ್ ನಿಲ್ಲಿಸಬೇಡಿ ಅಂತೀನಿ. ಬರೀ ಸೂರ್ಯಕಾಂತಿ ಬೀಜ ತಿಂದ ಗಿಣಿಗೆ ವಿಟಮಿನ್ ಎ ಸಾಲುವುದಿಲ್ಲ, ಅದು ಕ್ಯಾರೆಟ್‌ನಲ್ಲಿ ಸಿಗುತ್ತದೆ.