ಕಾಲುವೆಯ ಮೇಲೊಂದು ಮನೆ: ನ್ಯಾರೋಬೋಟ್ ಕಾಪಾಡಿಕೊಳ್ಳುವ ಕ್ರಮ

ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡಾಡುವ ನ್ಯಾರೋಬೋಟ್ ಎಂಬ ಉಕ್ಕಿನ ದೋಣಿಯ ಅಗಲ 6 ಅಡಿ 10 ಅಂಗುಲ. ಹದಿನೆಂಟನೇ ಶತಮಾನದಲ್ಲಿ ಕಾಲುವೆ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಮತ್ತು ಅವನ ನಂತರದವರು ಕಟ್ಟಿದ ಲಾಕ್‌ಗಳು (ನೀರು ತುಂಬಿಸಿ ಇಲ್ಲವೇ ಇಳಿಸಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ, ಎರಡೂ ತುದಿಗೆ ಬಾಗಿಲಿರುವ ತೊಟ್ಟಿಗಳು) ಸುಮಾರು 7 ಅಡಿ ಅಗಲದವು. ಅವುಗಳಲ್ಲಿ ತೂರಬೇಕಾದ ದೋಣಿಗೆ ಬೇರೆ ಅಳತೆ ಸಾಧ್ಯವಿಲ್ಲ. ಉದ್ದ 57 ಅಡಿಯೊಳಗಿದ್ದರೆ ಹೆಚ್ಚುಕಡಿಮೆ ಎಲ್ಲ ಕಾಲುವೆಗಳಲ್ಲೂ ಹೋಗಿಬರಬಹುದು. ಕಲ್ಲಿದ್ದಲು, ಪಿಂಗಾಣಿ ಸಾಗಿಸಲು ಹುಟ್ಟಿದ ಈ ದೋಣಿಗಳಲ್ಲಿ ಈಗ ಜನ ಸಂಸಾರ ಮಾಡುತ್ತಾರೆ. ಲಂಡನ್ನಿನ ಮನೆ ಬಾಡಿಗೆ ತಾಳಲಾರದೆ ಬಂದವರಿದ್ದಾರೆ, ನೀರಿನ ಆಸೆಗೆ ಬಂದವರಿದ್ದಾರೆ. ನಾನು ಬಂದದ್ದು ಎರಡಕ್ಕೂ.

ದೋಣಿ ಕೊಳ್ಳಲು ಬರುವವರು ಮೊದಲು ನೋಡುವುದು ಅಡುಗೆಮನೆಯನ್ನು ಮತ್ತು ಹಾಸಿಗೆಯ ಅಗಲವನ್ನು. ಇದು ಹೆಣ್ಣಿನ ಮನೆಗೆ ಹೋದವರು ಉಪ್ಪಿಟ್ಟು ತಿಂದು ಹಿಂದಿರುಗಿದಂತೆ. ನೋಡಬೇಕಾದದ್ದು ಬೇರೆಯೇ ಇರುತ್ತದೆ. ಆದ್ದರಿಂದ ಇಲ್ಲಿ ಕೆಲಸಗಳನ್ನು ಸುಖದ ಕ್ರಮದಲ್ಲಿ ಹೇಳದೆ ಅಪಾಯದ ಕ್ರಮದಲ್ಲಿ ಹೇಳಿದ್ದೇನೆ: ಮೊದಲು ದೋಣಿಯನ್ನು ಮುಳುಗಿಸುವಂಥವು, ನಂತರ ಮನುಷ್ಯರ ಪ್ರಾಣಕ್ಕೆ ಬರುವಂಥವು, ಉಳಿದವು ಕೊನೆಗೆ.

ತಳಕ್ಕೆ ಡಾಂಬರು

ದೋಣಿಯ ತಳದ ಉಕ್ಕು ಸಾಮಾನ್ಯವಾಗಿ 10 ಮಿಲಿಮೀಟರ್, ಪಕ್ಕದ್ದು 6, ಮೇಲಿನ ಕೋಣೆಯದು 4 ಮಿಲಿಮೀಟರ್ ದಪ್ಪವಿರುತ್ತದೆ. ನೀರು ಮತ್ತು ಗಾಳಿ ಸೇರುವ ಗೆರೆಯಲ್ಲಿ ತುಕ್ಕು ಎಲ್ಲಕ್ಕಿಂತ ಬೇಗ ಹಿಡಿಯುತ್ತದೆ. ಇದನ್ನು ತಡೆಯಲು ಎರಡು ಮೂರು ವರ್ಷಗಳಿಗೊಮ್ಮೆ ದೋಣಿಯನ್ನು ಕ್ರೇನಿನಿಂದ ಮೇಲೆತ್ತಿಸಬೇಕು ಅಥವಾ ನೀರು ಬಸಿದ ಡಾಕಿಗೆ ಒಯ್ಯಬೇಕು. ರಭಸದ ನೀರಿನಿಂದ ಪಾಚಿಯನ್ನೂ ಚಿಪ್ಪುಗಳನ್ನೂ ತೊಳೆದು, ಸಡಿಲವಾದ ತುಕ್ಕನ್ನು ಕೆರೆದು, ಉಕ್ಕು ಪೂರ್ತಿ ಒಣಗಿದ ಮೇಲೆ ಕಪ್ಪು ಡಾಂಬರಿನ ಬಣ್ಣವನ್ನು ಕನಿಷ್ಠ ಎರಡು ಸಲ ಬಳಿಯಬೇಕು. ನೀರಿನ ಗೆರೆಯ ಆಸುಪಾಸಿನಲ್ಲಿ ಇನ್ನೊಂದು ಸಲ ಹೆಚ್ಚಿಗೆ ಬಳಿದರೆ ನಷ್ಟವಿಲ್ಲ. ಎಪಾಕ್ಸಿ ಬಣ್ಣ ಹೆಚ್ಚು ವರ್ಷ ಬಾಳುತ್ತದೆ, ಆದರೆ ಅದಕ್ಕೆ ಹಳೆಯ ಡಾಂಬರನ್ನೆಲ್ಲ ಕಿತ್ತು ಉಕ್ಕನ್ನು ಬರಿದು ಮಾಡಬೇಕಾಗುವುದರಿಂದ ಮೊದಲ ಸಲದ ಖರ್ಚು ಹೆಚ್ಚು.

ಬಣ್ಣ ಬಳಿಯುವಾಗ ತಳಕ್ಕೆ ಬೆಸೆದಿರುವ ಮೆಗ್ನೀಸಿಯಂ ಗಟ್ಟಿಗಳಿಗೆ ಬ್ರಷ್ ತಾಗಿಸಬಾರದು. ಆನೋಡ್ ಎಂದು ಕರೆಯುವ ಈ ಗಟ್ಟಿಗಳು ಉಕ್ಕಿನ ಬದಲಿಗೆ ತಾವು ಕರಗಿ ದೋಣಿಯನ್ನು ಉಳಿಸುತ್ತವೆ. ಅವುಗಳಿಗೂ ಬಣ್ಣ ಬಳಿದುಬಿಟ್ಟರೆ ಕರಗುವ ಸರದಿ ಉಕ್ಕಿನದು. ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಅದೇ ಸಲ ಹೊಸತು ಬೆಸೆಸಬೇಕು. ದೋಣಿ ಮೇಲಿರುವಾಗಲೇ ಅಲ್ಟ್ರಾಸೌಂಡ್ ಉಪಕರಣದಿಂದ ಉಕ್ಕಿನ ದಪ್ಪವನ್ನು ಅಳೆಸುವುದು ಜಾಣತನ, ಏಕೆಂದರೆ ಪಕ್ಕದ ಉಕ್ಕು 4 ಮಿಲಿಮೀಟರಿಗಿಂತ ತೆಳುವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ದಡದ ವಿದ್ಯುತ್ತಿಗೆ ಸದಾ ತಂತಿ ಸಿಕ್ಕಿಸಿಕೊಂಡಿರುವವರು ಗ್ಯಾಲ್ವಾನಿಕ್ ಐಸೊಲೇಟರ್ ಎಂಬ ಸಣ್ಣ ಪೆಟ್ಟಿಗೆಯನ್ನು ಹಾಕಿಸಲೇಬೇಕು. ಅದಿಲ್ಲದಿದ್ದರೆ ಒಂದೇ ಅರ್ಥ್ ತಂತಿಗೆ ಸೇರಿದ ಅಕ್ಕಪಕ್ಕದ ದೋಣಿಗಳೆಲ್ಲ ಕೂಡಿ ಒಂದು ದೊಡ್ಡ ಬ್ಯಾಟರಿಯಾಗಿ, ನಿಮ್ಮ ತಳವನ್ನು ಸದ್ದಿಲ್ಲದೆ ತಿನ್ನುತ್ತವೆ.

ಹಿಂಬದಿಯ ಮೂರು ಜಾಗಗಳು

ಪ್ರತಿದಿನ ಕಣ್ಣಿಡಬೇಕಾದ ಜಾಗಗಳೆಲ್ಲ ದೋಣಿಯ ಹಿಂಬದಿಯಲ್ಲಿವೆ. ಮೊದಲನೆಯದು ಸ್ಟರ್ನ್ ಗ್ಲ್ಯಾಂಡ್. ಎಂಜಿನ್ನಿನಿಂದ ಹೊರಟ ದಂಡವು ದೋಣಿಯನ್ನು ತೂರಿ ಹೊರಗಿನ ಪ್ರೊಪೆಲ್ಲರನ್ನು ಸೇರುವ ಕಡೆ, ಗ್ರೀಸ್ ಹಿಡಿದ ಹುರಿಯನ್ನು ಸುತ್ತಿ ನೀರನ್ನು ತಡೆದಿರುತ್ತಾರೆ. ದೋಣಿ ಓಡುವಾಗ ಇಲ್ಲಿ ಆಗೊಂದು ಈಗೊಂದು ಹನಿ ಬೀಳುವುದು ದೋಷವಲ್ಲ. ದಂಡವನ್ನು ತಂಪಾಗಿಡುವುದು ಆ ಹನಿಯೇ. ದಿನದ ಪಯಣ ಮುಗಿಸಿ ಎಂಜಿನ್ ನಿಲ್ಲಿಸಿದ ಕೂಡಲೇ ಹಿತ್ತಾಳೆಯ ಗ್ರೀಸ್ ಬಿರಡೆಯನ್ನು ಕೈಗೆ ಬಿಗಿ ಹತ್ತುವವರೆಗೆ ಒಂದೆರಡು ಸುತ್ತು ತಿರುಗಿಸಬೇಕು. ಹನಿ ನಿಲ್ಲಬೇಕು. ನಿಲ್ಲದಿದ್ದರೆ ಗ್ಲ್ಯಾಂಡಿನ ಎರಡೂ ಬದಿಯ ನಟ್ಟುಗಳನ್ನು ಸಮಸಮನಾಗಿ, ಒಂದು ಸಲಕ್ಕೆ ತುಸುವೇ ಬಿಗಿಯಬೇಕು. ಮರುದಿನ ಅರ್ಧ ಗಂಟೆ ದೋಣಿ ಓಡಿಸಿದ ಬಳಿಕ ಎಂಜಿನ್ ನಿಲ್ಲಿಸಿ, ಗ್ಲ್ಯಾಂಡನ್ನು ಮುಟ್ಟಿ ನೋಡಿ: ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬಿಗಿ ಹೆಚ್ಚಾಯಿತೆಂದು ಅರ್ಥ. ಬಿಗಿಯಲು ಇನ್ನು ಜಾಗವೇ ಉಳಿದಿಲ್ಲವಾದರೆ ಹುರಿಯನ್ನೇ ಬದಲಿಸಬೇಕು.

ಎರಡನೆಯದು ಬಿಲ್ಜ್, ಅಂದರೆ ಎಂಜಿನ್ನಿನ ಕೆಳಗಿನ ತಗ್ಗು. ದೋಣಿ ಹಿಂದಕ್ಕೆ ತುಸು ವಾಲಿರುವುದರಿಂದ ಒಳಗೆ ಬಂದ ನೀರೆಲ್ಲ ಇಲ್ಲಿಗೇ ಇಳಿಯುತ್ತದೆ. ತನ್ನಷ್ಟಕ್ಕೆ ತಾನೇ ಓಡುವ ಪಂಪು ಇದ್ದರೂ ವಾರಕ್ಕೊಮ್ಮೆ ಅದರ ತೇಲುಗುಂಡನ್ನು ಕೈಯಿಂದ ಎತ್ತಿ, ಪಂಪು ಓಡುತ್ತದೆಯೇ ಎಂದು ನೋಡಬೇಕು. ತಗ್ಗಿನಲ್ಲಿ ಎಣ್ಣೆ ಸೇರಿದ್ದರೆ ಅದನ್ನು ಕಾಲುವೆಗೆ ಪಂಪು ಮಾಡಕೂಡದು, ಎಣ್ಣೆ ಹೀರುವ ಹಾಳೆಗಳಿಂದ ತೆಗೆಯಬೇಕು. ವಾಸದ ಕೋಣೆಯ ನೆಲದಡಿಯ ತಗ್ಗು ಬೇರೆ; ಹಿಂಬದಿಯ ಮೆಟ್ಟಿಲ ಬುಡದಲ್ಲಿರುವ ಮುಚ್ಚಳ ತೆಗೆದು, ಅಲ್ಲಿ ಒಣ ಕಾಗದವನ್ನು ಒತ್ತಿ ನೋಡಿದರೆ ಒಳಗಿನ ಯಾವುದೋ ಕೊಳವೆ ಸೋರುತ್ತಿರುವುದು ಗೊತ್ತಾಗುತ್ತದೆ.

ಮೂರನೆಯದು ವೀಡ್ ಹ್ಯಾಚ್, ಪ್ರೊಪೆಲ್ಲರಿನ ನೇರ ಮೇಲಿರುವ ಮುಚ್ಚಳದ ಪೆಟ್ಟಿಗೆ. ದೋಣಿಯ ವೇಗ ಏಕಾಏಕಿ ಕುಗ್ಗಿ, ಎಂಜಿನ್ ಉಸಿರುಗಟ್ಟಿದಂತೆ ಸದ್ದು ಮಾಡಿದರೆ ಪ್ರೊಪೆಲ್ಲರಿಗೆ ಏನೋ ಸುತ್ತಿಕೊಂಡಿದೆ ಎಂದು ತಿಳಿಯಬೇಕು. ದೋಣಿಯನ್ನು ದಡಕ್ಕೆ ಕಟ್ಟಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ತೆಗೆದು ಸ್ವಂತ ಜೇಬಿನಲ್ಲಿ ಹಾಕಿಕೊಳ್ಳಿ. ಬೇರೆಯವರ ಕೈಗೆ ಕೊಡುವುದೂ ಬೇಡ. ಆಮೇಲೆ ಮುಚ್ಚಳ ತೆಗೆದು, ಮೊಣಕೈವರೆಗೆ ತಣ್ಣೀರಿಗೆ ಕೈ ಇಳಿಸಿ, ಹಲ್ಲುಳ್ಳ ಬ್ರೆಡ್ ಚಾಕುವಿನಿಂದ ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು. ಪ್ಲಾಸ್ಟಿಕ್ ಚೀಲ, ಮೀನಿನ ಗಾಳದ ದಾರ, ಹಾಸಿಗೆಯ ಸ್ಪ್ರಿಂಗು, ಎಲ್ಲವೂ ಸಿಗುತ್ತವೆ. ಭಾರತೀಯ ಮೂಲದವರು ಹೆಚ್ಚಾಗಿರುವ ಲಂಡನ್ನಿನ ಸೌತಾಲ್ ಬಳಿ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ಒಮ್ಮೆ ನನ್ನ ಕೈಗೆ ಬಂದದ್ದು ಸೀರೆ. ಮುಕ್ಕಾಲು ಗಂಟೆ ಕತ್ತರಿಸಿ ಎಳೆದ ಮೇಲೆ ಹೊರಬಂದ ಕೊನೆಯ ತುಂಡು ಸೆರಗಿನದು. ಕೆಸರು ಮೆತ್ತಿದ್ದರೂ ಜರಿ ಇನ್ನೂ ಮಿನುಗುತ್ತಿತ್ತು. ಯಾರೋ ಪೂಜೆಗೆಂದು ನೀರಿಗೆ ಬಿಟ್ಟದ್ದೋ ಸಿಟ್ಟಿನಿಂದ ಎಸೆದದ್ದೋ, ಮಡಚಿಟ್ಟು ಮುಂದೆ ಹೋದೆ.

ಕೆಲಸ ಮುಗಿದ ಬಳಿಕ ಮುಚ್ಚಳವನ್ನು ಅದರ ರಬ್ಬರಿನ ಮೇಲೆ ಸರಿಯಾಗಿ ಕೂರಿಸಿ, ಅಡ್ಡಪಟ್ಟಿಯ ತಿರುಪನ್ನು ಪೂರ್ತಿ ಬಿಗಿದು, ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿ ನೀರು ಚಿಮ್ಮುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇದೊಂದನ್ನು ಮರೆತು ದೋಣಿ ಮುಳುಗಿಸಿದವರಿದ್ದಾರೆ, ಏಕೆಂದರೆ ತಿರುಗುವ ಪ್ರೊಪೆಲ್ಲರ್ ನೀರನ್ನು ಆ ಪೆಟ್ಟಿಗೆಯ ಮೂಲಕ ಒಳಕ್ಕೇ ತಳ್ಳುತ್ತದೆ. ಕೈಯನ್ನು ಸಾಬೂನು ಹಾಕಿ ತೊಳೆಯದೆ ಚಹಾ ಲೋಟ ಮುಟ್ಟಬಾರದು. ಇಲ್ಲಿನವರು ವೈಲ್ಸ್ ಡಿಸೀಸ್ ಎಂದು ಹೆದರುವುದು ನಮ್ಮ ಮಲೆನಾಡು, ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಇಲಿಜ್ವರಕ್ಕೇ.

ದೋಣಿ ಮುಳುಗುವ ಇನ್ನೊಂದು ಜಾಗ ಲಾಕ್. ಇಳಿಯುವಾಗ ಮೇಲಿನ ಬಾಗಿಲ ಬುಡದಲ್ಲಿ, ನೀರಿನೊಳಗೆ ಅಡಗಿರುವ ಕಲ್ಲಿನ ಹೊಸ್ತಿಲ ಮೇಲೆ ದೋಣಿಯ ಹಿಂಬದಿ ಕೂತುಬಿಟ್ಟರೆ, ನೀರು ತಗ್ಗಿದಂತೆ ಮುಂಭಾಗ ಕೆಳಗಿಳಿದು ಹಿಂಭಾಗ ಮೇಲೆಯೇ ತೂಗುತ್ತದೆ. ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುವುದು ಇದಕ್ಕಾಗಿಯೇ. ದೋಣಿಯನ್ನು ಅದರಿಂದ ಮುಂದಿಟ್ಟುಕೊಂಡೇ ತೂಬು ಎತ್ತಬೇಕು. ಹಿಂಬದಿ ಸಿಕ್ಕಿಕೊಂಡದ್ದು ಕಂಡ ಕ್ಷಣ ಕೆಳಗಿನ ತೂಬುಗಳನ್ನು ಮುಚ್ಚಿಬಿಡಬೇಕು, ಆಮೇಲೆ ಮೇಲಿನ ತೂಬನ್ನು ನಿಧಾನವಾಗಿ ತೆರೆದು ನೀರು ತುಂಬಬೇಕು.

ಬೆಂಕಿ ಮತ್ತು ಅನಿಲ

ಚಳಿಗಾಲದಲ್ಲಿ ದೋಣಿಯ ಪ್ರಾಣವೇ ಒಲೆ. ಬೆಳಿಗ್ಗೆ ಎದ್ದು ಬೂದಿಯನ್ನು ಜಾಲರಿಯಿಂದ ಕೆಳಗುದುರಿಸಿ, ಉಳಿದ ಕೆಂಡದ ಮೇಲೆ ಹೊಗೆರಹಿತ ಕಲ್ಲಿದ್ದಲಿನ ಉಂಡೆಗಳನ್ನು ಹಾಕಿ ಗಾಳಿಕಂಡಿ ತೆರೆದರೆ ಸ್ವಲ್ಪ ಹೊತ್ತಿಗೆ ಉರಿ ಏಳುತ್ತದೆ. ಮಾಮೂಲಿ ಮನೆ ಕಲ್ಲಿದ್ದಲಿನ ಚೀಲಗಳ ಮಾರಾಟವನ್ನು ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿಂದ ನಿಷೇಧಿಸಿದ್ದಾರೆ. ತೆಗೆದ ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್ಟಿಗೆ ಸುರಿದು, ಬಕೆಟ್ಟನ್ನು ತಕ್ಷಣ ದೋಣಿಯ ಹೊರಗಿಡಬೇಕು. ಆರಿದಂತೆ ಕಾಣುವ ಬೂದಿಯೊಳಗಿನ ಕೆಂಡ ರಾತ್ರಿಯಿಡೀ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಲೆಯ ಬಾಗಿಲಂಚಿನ ಹುರಿ ಸವೆದಿದ್ದರೆ ಬದಲಿಸಿ, ಹೊಗೆಕೊಳವೆಯನ್ನು ಚಳಿಗಾಲದ ನಡುವೆಯೂ ಒಂದೆರಡು ಸಲ ಗುಡಿಸಬೇಕು. ಚಳಿ ತಡೆಯಲಾರದೆ ಕೋಣೆಯ ಗಾಳಿಕಂಡಿಗಳಿಗೆ ಬಟ್ಟೆ ತುರುಕುವುದು ಈ ಬದುಕಿನ ಅತಿ ದೊಡ್ಡ ಮೂರ್ಖತನ. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆ 2019ರ ಏಪ್ರಿಲಿನಿಂದ ಸುರಕ್ಷತಾ ಪರೀಕ್ಷೆಯಲ್ಲೇ ಕಡ್ಡಾಯವಾಗಿದೆ. ಅದರ ಗುಂಡಿಯನ್ನು ವಾರಕ್ಕೊಮ್ಮೆ ಒತ್ತಿ ನೋಡಿ.

ಅಡುಗೆಗೆ ಪ್ರೊಪೇನ್ ಸಿಲಿಂಡರ್ ಕೊಳ್ಳಬೇಕು, ಬ್ಯೂಟೇನ್ ಬೇಡ. ಹೊರಗೆ ಸೊನ್ನೆ ಡಿಗ್ರಿಯಾದಾಗ ಬ್ಯೂಟೇನ್ ಅನಿಲವಾಗದೆ ಸಿಲಿಂಡರಿನಲ್ಲೇ ಕೂರುತ್ತದೆ. ಸೋರಿದ ಅನಿಲ ಗಾಳಿಗಿಂತ ಭಾರವೆಂಬುದು ನಮ್ಮ ಅಡುಗೆಮನೆಗಳಲ್ಲೂ ನಿಜ, ಆದರೆ ದೋಣಿಗೆ ಹೊಸ್ತಿಲ ಕೆಳಗಿನ ಸಂದಿಯಿಲ್ಲ, ಅದು ತಳದಲ್ಲೇ ಹೊಂಡಗಟ್ಟುತ್ತದೆ. ಸಿಲಿಂಡರಿನ ಪೆಟ್ಟಿಗೆಯಲ್ಲಿ ನೀರಿನ ಕಡೆಗೆ ತೆರೆದ ತೂತುಗಳಿರುವುದು ಅದಕ್ಕಾಗಿ. ಅವು ಎಲೆ, ಕಸದಿಂದ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು.

ಎಂಜಿನ್, ಕರೆಂಟು, ನೀರು

ಎಂಜಿನ್ನಿನ ವಿಷಯದಲ್ಲಿ ಟ್ರ್ಯಾಕ್ಟರ್ ನೋಡಿಕೊಂಡವರಿಗೆ ಹೊಸತೇನೂ ಇಲ್ಲ. ಚಾಲೂ ಮಾಡುವ ಮುನ್ನ ಆಯಿಲ್, ಕೂಲೆಂಟ್, ಬೆಲ್ಟ್ ನೋಡಬೇಕು, ಸಾಮಾನ್ಯವಾಗಿ 250 ಗಂಟೆಗೊಮ್ಮೆ ಆಯಿಲ್ ಬದಲಿಸಬೇಕು. ಡೀಸೆಲ್ ಟ್ಯಾಂಕನ್ನು ಚಳಿಗಾಲಕ್ಕೆ ತುಂಬಿಸಿಡಿ. ಖಾಲಿ ಜಾಗದಲ್ಲಿ ಗಾಳಿಯ ತೇವ ಹನಿಗಟ್ಟಿ ಡೀಸೆಲಿಗೆ ನೀರು ಸೇರುತ್ತದೆ.

ಬ್ಯಾಟರಿಗಳದ್ದು ಮಾತ್ರ ದುಬಾರಿ ಪಾಠ. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಬೇರೆ, ಮನೆ ಬಳಕೆಯದು ಬೇರೆ. ಸೀಸದ ಬ್ಯಾಟರಿ ಪೂರ್ತಿ ತುಂಬಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.7 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಇಳಿದರೆ ಅರ್ಧ ಮುಗಿದಂತೆ. ಅದಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಹೊಸ ಬ್ಯಾಟರಿಯೂ ಬೇಗ ಕೈಕೊಡುತ್ತದೆ. ಬೇಸಿಗೆಯಲ್ಲಿ ಸೋಲಾರ್ ಸಾಕು, ಡಿಸೆಂಬರಿನಲ್ಲಿ ಸೂರ್ಯನೇ ಅತಿಥಿ. ಆಗ ಎಂಜಿನ್ ಓಡಿಸಿ ತುಂಬಿಸಬೇಕು, ಆದರೆ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಓಡಿಸಬಾರದು.

ಕುಡಿಯುವ ನೀರಿನ ಟ್ಯಾಂಕ್ ಮೂತಿಯಲ್ಲಿರುತ್ತದೆ. ನೀರು ಖಾಲಿಯಾದಂತೆ ಮೂತಿ ಮೇಲೇಳುತ್ತದೆ. ಸ್ವಲ್ಪ ದಿನ ಗಮನಿಸಿದರೆ ಎಷ್ಟು ಉಳಿದಿದೆಯೆಂದು ದಡದಲ್ಲಿ ನಿಂತೇ ಹೇಳಬಹುದು. ಶೌಚದ ಕ್ಯಾಸೆಟ್ಟನ್ನು, ಅಂದರೆ ಮಲಮೂತ್ರ ಸೇರುವ ಕಳಚಬಹುದಾದ ಪೆಟ್ಟಿಗೆಯನ್ನು, ಎಲ್ಸನ್ ಎಂಬ ಸುರಿಯುವ ಜಾಗಕ್ಕೆ ಒಯ್ದು ತೊಳೆಯುವುದು ಯಾರಿಗೂ ಪ್ರಿಯವಾದ ಕೆಲಸವಲ್ಲ. ತುಂಬುವ ಹಿಂದಿನ ದಿನವೇ ಮಾಡಿಬಿಡಿ, ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ತೇವದ ಬಗ್ಗೆ ಒಂದು ಮಾತು. ಚಳಿಯಲ್ಲಿ ಉಕ್ಕು ಬೆವರುತ್ತದೆ. ತೆರೆದ ಪಾತ್ರೆಯಲ್ಲಿ ಅನ್ನ ಕುದಿಸಿದ ದಿನ ಕಿಟಕಿಗಳಿಂದ ನೀರು ಧಾರೆಯಾಗಿ ಇಳಿಯುವುದನ್ನು ನೋಡಿ ನಾನು ಕುಕ್ಕರಿಗೆ ಮರಳಿದೆ. ಆವಿಯೂ ಕಡಿಮೆ, ಅನಿಲವೂ ಉಳಿತಾಯ. ಹಾಸಿಗೆಯನ್ನು ವಾರಕ್ಕೊಮ್ಮೆ ಎತ್ತಿ ನಿಲ್ಲಿಸದಿದ್ದರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಕಟ್ಟುವುದು, ಬಿಟ್ಟುಹೋಗುವುದು

ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 2,000 ಮೈಲಿ ಜಲಮಾರ್ಗಗಳನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಲೈಸೆನ್ಸ್ ಪಡೆಯಲು ವಿಮೆಯೂ 4 ವರ್ಷಕ್ಕೊಮ್ಮೆ ನವೀಕರಿಸುವ ಸುರಕ್ಷತಾ ಪ್ರಮಾಣಪತ್ರವೂ ಬೇಕು. ಸ್ವಂತ ತಂಗುದಾಣವಿಲ್ಲದವರು 1995ರ ಕಾಯಿದೆಯಂತೆ ಒಂದೇ ಜಾಗದಲ್ಲಿ ಸತತವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ವೇಗದ ಮಿತಿ ಗಂಟೆಗೆ 4 ಮೈಲಿ. ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕದಲ್ಲಿ ಅದೂ ಹೆಚ್ಚು, ಏಕೆಂದರೆ ನೀರಿನ ಸೆಳೆತಕ್ಕೆ ಅವರ ಗೂಟಗಳು ಕಿತ್ತುಬರುತ್ತವೆ.

ತಂಗುದಾಣದಲ್ಲಿ ದೋಣಿ ಬಿಟ್ಟು ಒಂದು ತಿಂಗಳು ಊರಿಗೆ ಹೊರಡುವವರು ಹೀಗೆ ಮಾಡಬೇಕು. ಅನಿಲದ ವಾಲ್ವ್ ಮುಚ್ಚಿ. ಚಳಿಗಾಲವಾದರೆ ನೀರಿನ ಪಂಪು ಆರಿಸಿ, ಕೊಳವೆಗಳನ್ನು ಬಸಿದು, ನಲ್ಲಿಗಳನ್ನು ತೆರೆದಿಡಿ. ಹೆಪ್ಪುಗಟ್ಟಿದ ನೀರು ಹಿಗ್ಗಿ ಕೊಳವೆ ಒಡೆಯುತ್ತದೆ. ಗ್ರೀಸ್ ಬಿರಡೆಯನ್ನು ತಿರುಗಿಸಿ, ವೀಡ್ ಹ್ಯಾಚಿನ ತಿರುಪನ್ನು ಇನ್ನೊಮ್ಮೆ ಮುಟ್ಟಿ ನೋಡಿ. ಹಗ್ಗಗಳನ್ನು ತುಸು ಸಡಿಲ ಬಿಡಿ: ಯಾರೋ ರಾತ್ರಿ ಲಾಕಿನ ತೂಬನ್ನು ಮುಚ್ಚದೆ ಹೋದರೆ ಆ ಭಾಗದ ನೀರು ಇಳಿದು, ಬಿಗಿದು ಕಟ್ಟಿದ ದೋಣಿ ಒಂದು ಕಡೆಗೆ ವಾಲಿ ನೇತಾಡುತ್ತದೆ. ಕೊನೆಗೆ ಕೀಲಿಯನ್ನು ಪಕ್ಕದ ದೋಣಿಯವರಿಗೆ ಕೊಟ್ಟು, ಬಿಲ್ಜ್ ಪಂಪಿನ ಕೊಳವೆಯಿಂದ ದಿನಕ್ಕೆ ಎಷ್ಟು ಸಲ ನೀರು ಬೀಳುತ್ತದೆ ಎಂದು ಕಣ್ಣಿಟ್ಟಿರಲು ಹೇಳಿ. ವಾರಕ್ಕೊಮ್ಮೆ ಬೀಳುತ್ತಿದ್ದದ್ದು ದಿನವೂ ಬೀಳತೊಡಗಿದರೆ, ಹೊತ್ತು ನೋಡದೆ ನಿಮಗೆ ಫೋನ್ ಮಾಡಲಿ.