ಬೀಳ್ಕೊಡುಗೆ ಪದ್ಯಗಳನ್ನು ಮ್ಯಾಪ್ ಇಟ್ಟುಕೊಂಡು ಓದಿದ್ದು

ಟಾಂಗ್ ರಾಜವಂಶದ ಕಾಲದ (618–907) ಚೀನೀ ಬೀಳ್ಕೊಡುಗೆ ಪದ್ಯ ಓದುವಾಗ ನಾನು ಮೊದಲು ಮ್ಯಾಪ್ ತೆರೆಯುತ್ತೇನೆ. ಹೊರಟವನು ಯಾವ ದಿಕ್ಕಿಗೆ ಹೋಗುತ್ತಿದ್ದಾನೆ, ಹೊಳೆ ಮೇಲೋ ಕುದುರೆ ಮೇಲೋ, ಯಾವ ತಿಂಗಳು, ಇಷ್ಟು ಗೊತ್ತಾಗದಿದ್ದರೆ ಆ ಮಳೆ, ಮರ, ಮೋಡ ಎಲ್ಲ ಸುಮ್ನೆ ಅಲಂಕಾರಕ್ಕೆ ತಂದು ಹಾಕಿದ ಹಾಗೆ ಕಾಣುತ್ತವೆ.

ಕವಿ ವಾಂಗ್ ವೇಯ್ (701–761) ಬರೆದ ಪದ್ಯವನ್ನೇ ನೋಡಿ. ನಾಲ್ಕು ಸಾಲು, 28 ಅಕ್ಷರ. ಗೆಳೆಯ ಯುವಾನ್ ಸರ್ಕಾರಿ ಕೆಲಸದ ಮೇಲೆ ಆನ್‌ಶೀಗೆ ಹೊರಟಿದ್ದಾನೆ. ವೇಯ್‌ಚೆಂಗ್‌ನಲ್ಲಿ ಬೆಳಗಿನ ಮಳೆಗೆ ಧೂಳು ನೆನೆದಿದೆ. ಛತ್ರದ ಹತ್ತಿರ ವಿಲ್ಲೋ ಮರಗಳು ಹಸಿರಾಗಿವೆ. ಇನ್ನೊಂದು ಬಟ್ಟಲು ಕುಡಿ, ಯಾಂಗ್ ಗಡಿಬಾಗಿಲಿನಾಚೆ ಹಳೇ ಗೆಳೆಯರು ಯಾರೂ ಸಿಗಲ್ಲ ಅಂತಾನೆ ಕವಿ. ಅಷ್ಟೇ.

ಈಗ ಮ್ಯಾಪ್. ವೇಯ್‌ಚೆಂಗ್ ಇದ್ದದ್ದು ರಾಜಧಾನಿ ಚಾಂಗ್‌ಆನ್ ಪಕ್ಕ, ವೇಯ್ ನದಿಯ ಆಚೆ ದಡದಲ್ಲಿ. ಗಡಿಬಾಗಿಲು ವಾಯವ್ಯ ಚೀನಾದ ದುನ್‌ಹುವಾಂಗ್ ಹತ್ತಿರ, ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಆನ್‌ಶೀ ಇನ್ನೂ ಆಚೆ, ಇವತ್ತಿನ ಶಿನ್‌ಜಿಯಾಂಗ್‌ನಲ್ಲಿ. ಮುಂದೆ ಮರಳುಗಾಡು ಅಂತ ಪದ್ಯ ಎಲ್ಲೂ ಹೇಳಲ್ಲ, ಬರೀ ಈ ಕಡೆಯ ಹಸಿರು ತೋರಿಸಿ ಬಿಡುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು ಆ ಧೂಳು. ಮಳೆ ಬಂದು ಧೂಳು ಕೂತಿದೆ, ದಾರಿ ಚೆನ್ನಾಗಿದೆ, ಇವತ್ತು ಬೇಡ ನಾಳೆ ಹೋಗು ಅನ್ನೋಕೆ ನೆಪವೇ ಇಲ್ಲ! ಉಳಿದಿರೋದು ಒಂದು ಬಟ್ಟಲು ಮಾತ್ರ. ವಿಲ್ಲೋ ಬಗ್ಗೆ ಆಗಿನವರಿಗೆ ಬಿಡಿಸಿ ಹೇಳಬೇಕಿರಲಿಲ್ಲ, ಹೊರಟವರಿಗೆ ಅದರ ಟೊಂಗೆ ಮುರಿದು ಕೊಡೋದು ವಾಡಿಕೆ. ಹಸಿ ಮಣ್ಣಲ್ಲಿ ನೆಟ್ಟರೆ ಆ ಟೊಂಗೆ ಬೇರು ಬಿಡುತ್ತದೆ ಕೂಡ.

ಆಮೇಲೆ ಅದೇ ಕಾಲದ ಕವಿ ಲಿ ಬಾಯ್. ಅವನ ಗೆಳೆಯ ಮಂಗ್ ಹಾವ್‌ರಾನ್ ಹಳದಿ ಕೊಕ್ಕರೆ ಗೋಪುರದಿಂದ, ಅಂದರೆ ಇವತ್ತಿನ ವೂಹಾನ್‌ನಿಂದ, ಯಾಂಗ್‌ಝೌಗೆ ಹೊರಟಿದ್ದಾನೆ. ಮೂರನೇ ತಿಂಗಳು, ಹೂವಿನ ಕಾಲ. ಯಾಂಗ್‌ತ್ಸೆ ಪೂರ್ವಕ್ಕೆ ಹರಿಯುತ್ತದೆ, ದೋಣಿಯೂ ಅದರ ಜೊತೆಗೇ. ಒಂಟಿ ಹಾಯಿ ನೀಲಿ ಆಕಾಶದಲ್ಲಿ ಕರಗುತ್ತದೆ, ಆಮೇಲೆ ಕಾಣೋದು ಬರೀ ನದಿ. ದೊಡ್ಡ ನದಿಯಲ್ಲಿ ದೋಣಿ ಕಣ್ಮರೆಯಾಗೋಕೆ ಎಷ್ಟು ಹೊತ್ತು ಬೇಕು ಅಂತ ಯೋಚಿಸಿ ನೋಡಿ, ಅಷ್ಟು ಹೊತ್ತೂ ಒಬ್ಬ ಮನುಷ್ಯ ಅಲ್ಲೇ ನಿಂತಿದ್ದ ಅಲ್ವಾ? ದುಃಖ ಅನ್ನೋ ಪದವೇ ಬೇಕಾಗಿಲ್ಲ. ಅದೇ ಕಾಲದ ಇನ್ನೊಬ್ಬ ಕವಿ ತ್ಸೆನ್ ಶೆನ್ ಪಶ್ಚಿಮ ಗಡಿಯ ಲುನ್‌ತಾಯ್‌ನ ಹಿಮದಲ್ಲಿ ಇದನ್ನೇ ಮಾಡುತ್ತಾನೆ. ಬೆಟ್ಟದ ದಾರಿ ತಿರುಗಿತು, ನೀನು ಕಾಣಲಿಲ್ಲ, ಹಿಮದ ಮೇಲೆ ಕುದುರೆ ಹೆಜ್ಜೆ ಉಳಿಯಿತು ಅಂತ.

ಇವನ್ನೆಲ್ಲ ಗೆಳೆಯರಿಗೆ ಓದಿ ಹೇಳೋಕೆ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಅದಕ್ಕೊಂದು ನಿಯಮ ಇದೆ: ಮೂಲದಲ್ಲಿ ಇಲ್ಲದ ಕಣ್ಣೀರು, ನೋವು, ವಿರಹ ಯಾವುದನ್ನೂ ನಾನು ಸೇರಿಸಲ್ಲ. ಓದಿದ ಮೇಲೆ ನೋಟದ ಕ್ರಮವನ್ನೂ ಪರೀಕ್ಷಿಸುತ್ತೇನೆ. ಹಾಯಿ ಮೊದಲು, ನದಿ ಆಮೇಲೆ. ಕನ್ನಡದಲ್ಲಿ ವಾಕ್ಯ ಚೆಂದ ಆಗಲಿ ಅಂತ ಇದನ್ನು ಅದಲುಬದಲು ಮಾಡಿದರೆ ಪದ್ಯ ಕೆಡುತ್ತದೆ.

ಎಲ್ಲವೂ ಇಷ್ಟು ಸಂಕೋಚದವಲ್ಲ. ಲಿ ಬಾಯ್‌ನದೇ ಇನ್ನೊಂದರಲ್ಲಿ ತೇಲುವ ಮೋಡ ಅಂದರೆ ಅಲೆಯುವವನ ಮನಸ್ಸು, ಮುಳುಗುವ ಸೂರ್ಯ ಅಂದರೆ ಗೆಳೆಯನ ಪ್ರೀತಿ ಅಂತ ನೇರವಾಗಿ ಬಿಡಿಸಿ ಹೇಳಿಬಿಟ್ಟಿದ್ದಾನೆ. ಚೀನಾದಲ್ಲಿ ಬಹಳ ಮೆಚ್ಚಿಕೊಂಡ ಪದ್ಯ ಅದು. ನನಗೆ ಮಾತ್ರ ಅದರ ಕೊನೆಯ ಸಾಲೇ ಸಾಕು, ಇಬ್ಬರೂ ಕೈ ಬೀಸಿದ ಮೇಲೆ ಕುದುರೆ ಕೆನೆಯೋದು.